ಮೂರು ಕ್ಯಾಮೆರಾ, ಒಬ್ಬಳೇ ನಾದಿನಿ

ಕ್ಯಾಮೆರಾಗಳ ವಿಷಯದಲ್ಲಿ ಆಗಿನ ಸಾಗರದಲ್ಲಿ ನನಗಿಂತ ಹೆಚ್ಚು ತಿಳಿದವರು ಇಬ್ಬರೇ ಇದ್ದರು. ಒಬ್ಬರು ಸ್ಟುಡಿಯೋ ಶೇಷಣ್ಣ. ಇನ್ನೊಬ್ಬರು ಯಾರೆಂದು ನನಗೂ ಗೊತ್ತಿರಲಿಲ್ಲ. ವಿನಯ ಇರಲಿ ಎಂದು ಸೇರಿಸಿಕೊಂಡಿದ್ದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮಸೂರದ ಪಾಠವನ್ನು ಹನ್ನೊಂದು ವರ್ಷ ಮಾಡಿದವನಿಗೆ ಕ್ಯಾಮೆರಾ ಯಾವ ಗಿಡದ ತೊಪ್ಪಲು ಎಂಬುದು ನನ್ನ ಭಾವನೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಹೆಂಡತಿಯ ತಂಗಿ ಸುಜಾತ ಟೈಪಿಂಗ್ ಕಲಿಯಲೆಂದು ನಮ್ಮ ಮನೆಯಲ್ಲಿದ್ದಳು. ಕೋಣಂದೂರಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದ ಹುಡುಗನೊಬ್ಬನ ಮನೆಯವರು ಜಾತಕ, ಫೋಟೋ ಕಳಿಸಿ ಎಂದು ಹೇಳಿಕಳಿಸಿದ್ದರು. ಹಿಂದೆ ಎರಡು ಕಡೆಗೆ ಕಳಿಸಿದ್ದ ಫೋಟೋ ಒಂದು ಮಾತೂ ಇಲ್ಲದೆ ವಾಪಸ್ ಬಂದಿತ್ತು. ಆಮೇಲಿಂದ ಸುಜಾತ ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಒಳಗೆ ಹೋಗಿ ಕೂರುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು. ಹಾಗಾಗಿ ಈ ಸಲ ಹೆಂಡತಿ ಸರೋಜ ನನಗೆ ಬಹಳ ಸರಳವಾದ ಕೆಲಸ ಒಪ್ಪಿಸಿದಳು.

"ಶೇಷಣ್ಣನ ಸ್ಟುಡಿಯೋಕ್ಕೆ ಕರ್ಕೊಂಡು ಹೋಗಿ ಒಂದು ಒಳ್ಳೆ ಫೋಟೋ ತೆಗೆಸ್ಕೊಂಡು ಬನ್ನಿ."

"ಯಾವ ಕ್ಯಾಮೆರಾದಲ್ಲಿ?"

"ಫೋಟೋ ಬರೋ ಕ್ಯಾಮೆರಾದಲ್ಲಿ!"

ವಿಜ್ಞಾನ ಓದದವರ ಮಾತು. ಒಂದು ಹೆಣ್ಣಿನ ಭವಿಷ್ಯ ನಿಂತಿರುವಾಗ ಕೈಗೆ ಸಿಕ್ಕ ಕ್ಯಾಮೆರಾದಲ್ಲಿ ತೆಗೆದುಬಿಡುವುದೇ? ಆ ಸಂಜೆಯೇ ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ "ತೌಲನಿಕ ಅಧ್ಯಯನ" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ.

ಮೊದಲನೆಯದು ಶೇಷಣ್ಣನ ಎರಡು ಕಣ್ಣಿನ ಕ್ಯಾಮೆರಾ. ಅದನ್ನು ಹೊಟ್ಟೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡಬೇಕು. ಶೇಷಣ್ಣ ಅದನ್ನು ಯಾರಿಗೂ ಕೊಡುವವನಲ್ಲ. "ಮೇಷ್ಟ್ರು ಅಂತ ಒಂದೇ ಕಾರಣಕ್ಕೆ ಮುಟ್ಟೋಕೆ ಬಿಡ್ತಿದೀನಿ" ಎಂದ. ಬಗ್ಗಿ ನೋಡಿದೆ. ಗಾಜಿನಲ್ಲಿ ಸುಜಾತ ಸ್ವಲ್ಪ ಬಲಕ್ಕಿದ್ದಳು. "ನನ್ನ ಎಡಕ್ಕೆ ಬಾ" ಎಂದೆ. ಇನ್ನೂ ಬಲಕ್ಕೆ ಹೋದಳು. "ಎಡಕ್ಕೆ ಅಂದ್ನಲ್ಲ!" ಎಂದೆ. ಅವಳು ಗಾಜಿನಿಂದಲೇ ಮಾಯವಾದಳು. ತಲೆಯೆತ್ತಿ ನೋಡಿದರೆ ಸ್ಟುಡಿಯೋದ ಬಾಗಿಲು ದಾಟಿ ರಸ್ತೆಯಲ್ಲಿ ನಿಂತಿದ್ದಳು.

"ಅದ್ರಲ್ಲಿ ಎಡ ಬಲ ತಿರುಗಾಮುರುಗಾ ಕಾಣ್ತದೆ ಮೇಷ್ಟ್ರೇ. ಕನ್ನಡಿ ಪಾಠ ನೀವೇ ಅಲ್ವಾ ನಮ್ಮ ಹುಡುಗನಿಗೆ ಮಾಡಿದ್ದು?" ಎಂದ ಶೇಷಣ್ಣ. ಕೊನೆಗೆ ಅವನೇ ಫೋಟೋ ತೆಗೆದ. ಅಷ್ಟಕ್ಕೇ ಬಿಡದೆ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ, ಕೆನ್ನೆಯ ಮಚ್ಚೆ ಅಳಿಸಿ, ಹುಬ್ಬು ತೀಡಿ, ಬಣ್ಣವನ್ನೂ ಎರಡು ಸುತ್ತು ಬೆಳ್ಳಗೆ ಮಾಡಿದ.

ಪ್ರಿಂಟ್ ನೋಡಿ ಸರೋಜ ಕೇಳಿದಳು: "ಚಂದ ಇದಾಳೆ. ಯಾರಿವ್ಳು?"

ಎರಡನೆಯದು ದನದ ಡಾಕ್ಟರ ಜಪಾನ್ ಕ್ಯಾಮೆರಾ. ಅವರ ಭಾವಮೈದ ಮಸ್ಕತ್ತಿನಿಂದ ತಂದುಕೊಟ್ಟದ್ದು. ಮೂವತ್ತಾರು ಚಿತ್ರದ ರೀಲು, ಬದಲಾಯಿಸುವ ಮಸೂರ! ಅವರು ಮೂವತ್ತಮೂರು ಚಿತ್ರಗಳಲ್ಲಿ ಎಮ್ಮೆಗಳ ಬಾಯಿ ತೆಗೆದು ಇಲಾಖೆಗೆ ಕಳಿಸಲು ಇಟ್ಟಿದ್ದರು. ಉಳಿದ ಮೂರನ್ನು ನನಗೆ ದಾನ ಮಾಡಿದರು. ಎಮ್ಮೆಯ ಬಾಯಿಗೆ ಹಾಕಿದ್ದ ಅಗಲ ನೋಟದ ಮಸೂರವನ್ನು ಬದಲಾಯಿಸುವುದು ಹೇಗೆಂದು ಕೇಳಲು ಸಂಕೋಚವಾಯಿತು. ಅದರಲ್ಲೇ ಒಂದು ಮೊಳ ದೂರದಿಂದ ಸುಜಾತಳನ್ನು ತೆಗೆದೆ. ಚಿತ್ರದಲ್ಲಿ ಮೊದಲು ಮೂಗು ಬಂದಿತ್ತು. ಸುಜಾತ ಅದರ ಹಿಂದೆ ಎಲ್ಲೋ ಇದ್ದಳು.

ಮೂರನೆಯದು ನನ್ನದೇ ಡಬ್ಬಿ ಕ್ಯಾಮೆರಾ. ಹನ್ನೆರಡೇ ಚಿತ್ರ. ಹಿತ್ತಲಲ್ಲಿ ಸುಜಾತಳನ್ನು ನಿಲ್ಲಿಸಿ ಹನ್ನೊಂದು ತೆಗೆದೆ. ಹನ್ನೆರಡನೆಯದಕ್ಕೆ ದೂರ ಸರಿಯಾಗಿರಲಿ ಎಂದು ಕ್ಯಾಮೆರಾವನ್ನು ಸರೋಜಳ ಕೈಗೆ ಕೊಟ್ಟು, ಎರಡೂ ಕೈಗಳ ಬೆರಳಿನಿಂದ ಚೌಕಟ್ಟು ಮಾಡಿ, ಒಂದು ಕಣ್ಣು ಮುಚ್ಚಿ, ಹಿಂದೆ ಹಿಂದೆ ಹೆಜ್ಜೆಯಿಟ್ಟೆ. ಪಕ್ಕದ ಮನೆಯವರ ಎಮ್ಮೆಗಾಗಿ ಅಕ್ಕಚ್ಚಿನ ಬಾನಿ ಅಲ್ಲೇ ಇತ್ತು. ಅಕ್ಕಿ ತೊಳೆದ ನೀರು, ಬಾಳೆಹಣ್ಣಿನ ಸಿಪ್ಪೆ, ನಿನ್ನೆಯ ಗಂಜಿ. ನಾನು ಅದರಲ್ಲಿ ಕುಳಿತೆ.

ಬಾನಿ ನನ್ನ ಅಳತೆಗೆ ಸರಿಯಾಗಿದ್ದುದರಿಂದ ಕೂಡಲೇ ಏಳಲು ಆಗಲಿಲ್ಲ. ಸುಜಾತ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಸರೋಜ ನನ್ನನ್ನು ಎಬ್ಬಿಸುವ ಬದಲು ತಂಗಿಯ ಕಡೆ ತಿರುಗಿ ಗುಂಡಿ ಒತ್ತಿದಳು.

"ಎಂತಕ್ಕೆ ಒತ್ತಿದೆ?" ಎಂದು ಬಾನಿಯಿಂದಲೇ ಗದರಿದೆ.

"ಇವ್ಳು ಹಿಂಗೆ ನಕ್ಕು ಎಷ್ಟು ದಿನ ಆಗಿತ್ತು ಮಾರಾಯ್ರೆ!"

ರೀಲು ತೊಳೆದಾಗ ನನ್ನ ಹನ್ನೊಂದರಲ್ಲಿ ಎಲ್ಲೂ ಸುಜಾತಳ ತಲೆ ಇರಲಿಲ್ಲ. ಸರೋಜ ತೆಗೆದದ್ದು ಅಷ್ಟಿಷ್ಟು ಅಲುಗಾಡಿತ್ತು. ಆದರೆ ತಲೆ ಇತ್ತು. ಬೇರೆ ಗತಿಯಿಲ್ಲದೆ ಅದನ್ನೇ ಅಧ್ಯಯನಕ್ಕೆ ಸೇರಿಸಿ, ನೋಟ್‌ಬುಕ್ಕಿನಲ್ಲಿ "ಸಹಜ ಭಾವ, ಛಾಯಾಗ್ರಾಹಕನ ಸಮಯಪ್ರಜ್ಞೆ" ಎಂದು ಬರೆದುಕೊಂಡೆ. ಬಾನಿಯ ವಿಷಯ ಹೊರಗೆ ಹೋಗಕೂಡದೆಂದು ಇಬ್ಬರಿಂದಲೂ ಆಣೆ ಮಾಡಿಸಿಕೊಂಡೆ.

ಮೂರರಲ್ಲಿ ಯಾವುದು ಉತ್ತಮ? ನನ್ನದು ಪಕ್ಷಪಾತವಾಗಬಾರದು. ಗಂಡಿನ ಮನೆಯವರೇ ತಟಸ್ಥರೆಂದು ತೀರ್ಮಾನಿಸಿ, ಚಿತ್ರಗಳ ಮೂಲೆಯಲ್ಲಿ ಒಂದು, ಎರಡು, ಮೂರು ಎಂದು ಬರೆದು, ಸರೋಜಳಿಗೂ ತೋರಿಸದೆ ಜಾತಕದ ಜೊತೆ ಪತ್ರವಿಟ್ಟು ಕಳಿಸಿದೆ.

"ಮಾನ್ಯರೇ, ಲಗತ್ತಿಸಿರುವ ಮೂರನ್ನೂ ಪರಿಶೀಲಿಸಿ ಯಾವುದು ಉತ್ತಮವೆಂದು ಕಾರಣಸಹಿತ ತಿಳಿಸಬೇಕಾಗಿ ವಿನಂತಿ. ಸಂಖ್ಯೆ ಒಂದು ವೃತ್ತಿನಿರತರಿಗೆ, ಸಂಖ್ಯೆ ಎರಡು ಕಲಾಭಿರುಚಿ ಉಳ್ಳವರಿಗೆ, ಸಂಖ್ಯೆ ಮೂರು ಸಾಮಾನ್ಯ ಸಂಸಾರಸ್ಥರಿಗೆ ಸೂಕ್ತವೆಂಬುದು ನನ್ನ ಅನುಭವ."

ಕ್ಯಾಮೆರಾ ಎಂಬ ಶಬ್ದ ಪತ್ರದಲ್ಲಿ ಎಲ್ಲೂ ಇರಲಿಲ್ಲ. ಅದು ನನಗೆ ತಿಳಿದದ್ದು ಉತ್ತರ ಬಂದ ಮೇಲೆ. ಸರೋಜ ಗಟ್ಟಿಯಾಗಿ ಓದಿದಳು.

"ತಮ್ಮ ಮೂವರು ಹೆಣ್ಣುಮಕ್ಕಳ ಫೋಟೋ ತಲುಪಿತು. ನಾವು ಸಾಮಾನ್ಯ ಸಂಸಾರಸ್ಥರು. ಹುಡುಗನೂ ಮೂರನೆಯವಳನ್ನೇ ಒಪ್ಪಿದ್ದಾನೆ. ಆದರೆ ಜಾತಕ ಒಂದೇ ಇದೆ, ಯಾರದ್ದು? ಎರಡನೆಯವಳ ಫೋಟೋದ ಹಿಂದೆ 'ಕಾಲುಬಾಯಿ ಜ್ವರ, ೩೪' ಎಂದು ಬರೆದಿದೆ. ವಾಸಿಯಾಗಿದೆಯೇ?"

ದನದ ಡಾಕ್ಟರ ರೀಲು ತೊಳೆದ ಶೇಷಣ್ಣ ಎಮ್ಮೆಗಳ ಲೆಕ್ಕದಲ್ಲಿ ಸುಜಾತಳನ್ನೂ ಸೇರಿಸಿದ್ದ!

ಸರೋಜ ಪತ್ರ ಮಡಿಚಿದಳು. "ನೀವು ಇನ್ನು ಪೆನ್ನು ಮುಟ್ಬೇಡಿ" ಎಂದಳು. ಮಸೂರಗಳನ್ನು ವಿವರಿಸಿ ನಾನು ಬರೆದಿಟ್ಟಿದ್ದ ನಾಲ್ಕು ಪುಟ ಒಲೆಗೆ ಹೋಯಿತು. ಅವಳು ಒಂದು ಕಾರ್ಡಿನಲ್ಲಿ "ಇರೋದು ಒಬ್ಳೇ ಹುಡುಗಿ. ಜ್ವರ ಗಿರ ಇಲ್ಲ. ಬಂದು ನೋಡಿ" ಎಂದು ಬರೆದು ಹಾಕಿದಳು.

ಬಂದರು. ಹುಡುಗ, ಅವನ ತಾಯಿ, ಒಬ್ಬ ಮಾವ. ಹುಡುಗ ಮಾತಾಡುವವನಲ್ಲ. ತಾಯಿ ಮೂರು ಫೋಟೋಗಳನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದರು. ಚಂದದ ಹುಡುಗಿಯ ಫೋಟೋ ಕಳಿಸಿ ಬೇರೆಯವಳನ್ನು ತೋರಿಸಿದ ಕತೆಗಳು ಆಗ ಊರೂರಲ್ಲೂ ಇದ್ದವು. ಅವರ ಅನುಮಾನದಲ್ಲಿ ತಪ್ಪೇನೂ ಇರಲಿಲ್ಲ.

ಸುಜಾತ ತಲೆ ಬಗ್ಗಿಸಿ ಕಾಫಿ ತಂದಿಟ್ಟಳು. ಹೆಣ್ಣು ತೋರಿಸುವಾಗ ಹಲ್ಲು ಕಾಣಿಸಬಾರದೆಂದು ಸರೋಜಳೇ ಹೇಳಿಕೊಟ್ಟಿದ್ದಳು. ಹುಡುಗನ ತಾಯಿ ಫೋಟೋ ನೋಡಿದರು, ಮುಖ ನೋಡಿದರು, ಮತ್ತೆ ಫೋಟೋ ನೋಡಿದರು.

"ಇವ್ಳು ಒಂದೂ ಅಲ್ಲ, ಎರಡೂ ಅಲ್ಲ, ಮೂರೂ ಅಲ್ಲ. ನಾಲ್ಕನೆಯವ್ಳಾ?"

"ಒಬ್ಳೇ ಅಮ್ಮಾ. ಮಸೂರದ ಸಂಗಮ ದೂರ ಕಡಿಮೆಯಾದಾಗ..." ಎಂದು ನಾನು ಶುರುಮಾಡಿದೆ.

"ದೂರ ಗೀರ ಬೇಡ ಮೇಷ್ಟ್ರೇ. ನಮ್ಮ ಹುಡುಗ ಈ ನಗೋ ಹುಡುಗಿನೇ ಆಗ್ಬೇಕು ಅಂತಿದಾನೆ. ಎಲ್ಲಿ, ಒಂಚೂರು ನಗಮ್ಮ ನೋಡಾಣ."

ಸುಜಾತ ತುಟಿ ಅಲುಗಿಸಿದಳು. ಅದು ನಗುವಾಗಲಿಲ್ಲ. ಕಣ್ಣಲ್ಲಿ ನೀರು ಬಂತು. ಮಾವ ಕಾಫಿ ಲೋಟ ಕೆಳಗಿಟ್ಟು ಎದ್ದು ನಿಂತರು.

ಒಂದು ಫೋಟೋ ತೆಗೆಸಿಕೊಂಡು ಬನ್ನಿ ಎಂದಿದ್ದಳು ಸರೋಜ. ಅಷ್ಟನ್ನೇ ಮಾಡಿದ್ದರೆ ಈ ಹುಡುಗಿ ಹೀಗೆ ಪರರ ಮುಂದೆ ಕಳ್ಳಿಯ ಹಾಗೆ ನಿಲ್ಲಬೇಕಿರಲಿಲ್ಲ.

"ಫೋಟೋದಲ್ಲಿ ಎಂತಕ್ಕೆ ಅಷ್ಟು ನಕ್ಕಿದ್ದು?" ಎಂದರು ಹುಡುಗನ ತಾಯಿ.

ಆಣೆ ಮಾಡಿದ್ದ ಇಬ್ಬರೂ ನನ್ನ ಮುಖ ನೋಡಿದರು. ಹನ್ನೊಂದು ವರ್ಷ ಮೇಷ್ಟ್ರಾಗಿ ಗಳಿಸಿದ ಗೌರವವನ್ನು ಒಮ್ಮೆ ಮನಸ್ಸಿನಲ್ಲೇ ನೆನೆದು, ಎದ್ದು ನಿಂತು ಹೇಳಿದೆ.

"ನಾನು ಅಕ್ಕಚ್ಚಿನ ಬಾನಿಯಲ್ಲಿ ಕೂತಿದ್ದೆ."

"ಎಂತಕ್ಕೆ?"

"ಸರಿಯಾದ ದೂರ ಹುಡುಕ್ತಾ ಇದ್ದೆ."

ಸುಜಾತ ಸೆರಗು ಬಾಯಿಗೆ ಒತ್ತಿಕೊಂಡಳು. ನಗು ತಡೆಯಲಿಲ್ಲ. "ಎಮ್ಮೆ ಬಂದು ಭಾವನ ಭುಜ ನೆಕ್ತು" ಎಂದಳು. ನಾನು ಅದನ್ನು ನೋಟ್‌ಬುಕ್ಕಿನಲ್ಲೂ ಬರೆದಿರಲಿಲ್ಲ! ಆಮೇಲೆ ಅವಳು ನಕ್ಕ ನಗುವಿಗೆ ಹುಡುಗನ ತಾಯಿಯೂ ನಕ್ಕರು, ಎದ್ದಿದ್ದ ಮಾವ ಮತ್ತೆ ಕೂತು ನಕ್ಕರು. ಹುಡುಗ ಮೂರನೆಯ ಫೋಟೋ ಕೈಗೆತ್ತಿಕೊಂಡು ಅವಳನ್ನೇ ನೋಡಿ ಅವತ್ತಿನ ತನ್ನ ಒಂದೇ ಮಾತನ್ನು ಆಡಿದ.

"ಇವ್ರೇ ಅಮ್ಮಾ."

ಮುಂದಿನ ಬೇಸಿಗೆಯಲ್ಲಿ ತೀರ್ಥಹಳ್ಳಿಯಲ್ಲಿ ಮದುವೆ. ಫೋಟೋಕ್ಕೆ ಶೇಷಣ್ಣನನ್ನು ಕರೆಸಿದ್ದರು. ಯಾವ ಕ್ಯಾಮೆರಾ ತರಬೇಕೆಂದು ನನ್ನನ್ನು ಯಾರೂ ಕೇಳಲಿಲ್ಲ. ಊಟದ ಪಂಕ್ತಿಯ ಹತ್ತಿರ ನಿಂತಿದ್ದವನನ್ನು ಶೇಷಣ್ಣನೇ ಕೂಗಿದ.

"ಮೇಷ್ಟ್ರೇ, ಮದುಮಗಳ ಮುಖ ಬಿಗಿದುಕೊಂಡಿದೆ. ನನ್ನ ಪಕ್ಕ ಸ್ವಲ್ಪ ನಿಂತ್ಕಳಿ."

"ನಿಂತು ಎಂತ ಮಾಡ್ಲಿ?"

"ಎಂತದೂ ಬೇಡ. ನೀವು ಕಂಡ್ರೆ ಸಾಕು."

ಧಾರೆಯಿಂದ ಆರತಿಯವರೆಗೂ ನಿಂತೆ. ಆಲ್ಬಂ ಬಹಳ ಚೆನ್ನಾಗಿ ಬಂದಿದೆ, ಕೋಣಂದೂರಿಗೆ ಹೋದವರೆಲ್ಲ ಹೊಗಳುತ್ತಾರೆ. ಅದರ ಒಂದು ಚಿತ್ರದಲ್ಲೂ ನಾನಿಲ್ಲ. ಸುಜಾತ ಮಾತ್ರ ಎಲ್ಲದರಲ್ಲೂ ಕ್ಯಾಮೆರಾ ಬಿಟ್ಟು ಸ್ವಲ್ಪ ಎಡಕ್ಕೆ, ನನ್ನ ಕಡೆ ನೋಡಿಕೊಂಡು ನಗುತ್ತಿದ್ದಾಳೆ.