ಮಂಚದಲ್ಲಿರುವ ಅತ್ತೆಯವರು ಟಿ.ವಿ.ಯಲ್ಲಿ ಓಡುವುದನ್ನು ನೋಡುವಾಗ ಸಿಬ್ಬಂದಿ ಪಾಲಿಸತಕ್ಕ ನಿಯಮಗಳು

ಹಳೆಯ ದಾಖಲೆಗಳ ಉಪಕಚೇರಿ
ಎರಡನೆಯ ಮಹಡಿ (ಲಿಫ್ಟ್ ಕೆಟ್ಟಿದೆ)

ಸುತ್ತೋಲೆ ಸಂಖ್ಯೆ: ಉಕ/ಸಿಬ್ಬಂದಿ/ಮೊಣಕಾಲು/47

ವಿಷಯ: "ಓಡು ಜೋಡಿ, ಊರು ನೋಡಿ" ಎಂಬ ಟಿ.ವಿ. ಸ್ಪರ್ಧೆಯನ್ನು ವೀಕ್ಷಿಸುವಾಗ ಹಾಗೂ ಅದರ ಮರುದಿನ ಸಿಬ್ಬಂದಿ ತೋರಬಹುದಾದ, ತೋರಬಾರದ ಮತ್ತು ನುಂಗಿಕೊಳ್ಳಬೇಕಾದ ಪ್ರತಿಕ್ರಿಯೆಗಳ ಕುರಿತು.

ಉಲ್ಲೇಖ:
(ಅ) ರವಾನೆ ಗುಮಾಸ್ತೆಯವರ ರಜೆ ಅರ್ಜಿಗಳು, ನಾಲ್ಕು. ಮೂರು ತಿರಸ್ಕೃತ, ಒಂದು ಮಂಜೂರು.
(ಆ) ಮೇಲಿನ ಕಚೇರಿಯ ಪತ್ರ: "ನಿಮ್ಮ ನೌಕರರೊಬ್ಬರು ಟಿ.ವಿ.ಯಲ್ಲಿ ಓಡುತ್ತಿರುವುದಾಗಿ ದೂರು ಬಂದಿದೆ. ನಿಜವೇ?"
(ಇ) ಕಳೆದ ಭಾನುವಾರದ ಕಂತು.

ಪ್ರಸ್ತಾವನೆ:

ಸದರಿ ಸ್ಪರ್ಧೆಯು ಪ್ರತಿ ಭಾನುವಾರ ಸಂಜೆ ಏಳಕ್ಕೆ ಪ್ರಸಾರವಾಗುತ್ತದೆ. ಇಬ್ಬಿಬ್ಬರ ಜೋಡಿಗಳು ಕಂಡರಿಯದ ಊರಿಗೆ ಹೋಗಿ, ಕೊಟ್ಟ ಕೆಲಸ ಮುಗಿಸಿ, ಮುಂದಿನ ಊರಿಗೆ ಓಡತಕ್ಕದ್ದು. ಕೊನೆಯಲ್ಲಿ ಬಂದ ಜೋಡಿ ಮನೆಗೆ ಹೋಗತಕ್ಕದ್ದು. ಚಿತ್ರೀಕರಣ ಮೂರು ತಿಂಗಳ ಹಿಂದೆಯೇ ಮುಗಿದಿದೆ. ಇದರಲ್ಲಿ "ಅತ್ತೆ-ಸೊಸೆ ಜೋಡಿ"ಯ ಸೊಸೆಯು ಈ ಕಚೇರಿಯ ರವಾನೆ ಗುಮಾಸ್ತೆಯವರನ್ನು, ಅಂದರೆ ಎಲ್ಲರೂ ಕರೆಯುವ ಲಕೋಟೆ ಅಕ್ಕನವರನ್ನು, ಬಹಳ ಮಟ್ಟಿಗೆ ಹೋಲುವುದಾಗಿ ಗಮನಕ್ಕೆ ಬಂದಿದೆ.

ಚಿತ್ರೀಕರಣ ನಡೆದ ಅವಧಿಯಲ್ಲೇ ಲಕೋಟೆ ಅಕ್ಕನವರಿಗೆ "ಅತ್ತೆಯವರಿಗೆ ಮೊಣಕಾಲು ನೋವು, ಮಂಚ ಬಿಟ್ಟು ಏಳುವಂತಿಲ್ಲ, ನೋಡಿಕೊಳ್ಳಲು ನಾನೊಬ್ಬಳೇ" ಎಂಬ ಕಾರಣಕ್ಕೆ ನಲವತ್ತು ದಿನಗಳ ರಜೆ ಮಂಜೂರಾಗಿತ್ತು. ಟಿ.ವಿ.ಯಲ್ಲಿನ ಅತ್ತೆಯವರು ಕಳೆದ ಭಾನುವಾರ ಹಗ್ಗ ಹಿಡಿದು ಬಂಡೆ ಹತ್ತಿದರು. ಹತ್ತಿದ ಮೇಲೆ ಸೊಸೆಯನ್ನೂ ಎಳೆದುಕೊಂಡರು.

ಇಬ್ಬರು ಅತ್ತೆಯರೂ ಒಬ್ಬರೇ ಎಂದು ರುಜುವಾತಾದಲ್ಲಿ ಲಕೋಟೆ ಅಕ್ಕನವರ ಕೆಲಸ ಹೋಗುತ್ತದೆ. ಬರುವ ಭಾನುವಾರ ಅಂತಿಮ ಕಂತು. ಸೋಮವಾರ ಬೆಳಗ್ಗೆ ಹತ್ತಕ್ಕೆ ಮೇಲಿನ ಕಚೇರಿಯ ತಪಾಸಣಾಧಿಕಾರಿಗಳು ಖುದ್ದಾಗಿ ಬಂದು ಸಿಬ್ಬಂದಿಯ ಮುಖಗಳನ್ನು ಪರಿಶೀಲಿಸಲಿದ್ದಾರೆ. ಸದ್ಯ ಈ ಕಚೇರಿಯ ಒಂದು ಮುಖವೂ ಪರಿಶೀಲನೆಗೆ ಯೋಗ್ಯ ಸ್ಥಿತಿಯಲ್ಲಿಲ್ಲ. ಆದಕಾರಣ ಈ ಕೆಳಕಂಡಂತೆ ಆದೇಶಿಸಲಾಗಿದೆ.

1. ಗುರುತು: ಟಿ.ವಿ.ಯಲ್ಲಿ ಕಾಣುವ ಸೊಸೆಯನ್ನು "ಯಾರೋ ಒಬ್ಬರು" ಎಂದೂ, ಅತ್ತೆಯನ್ನು "ಯಾರೋ ಅಜ್ಜಿ" ಎಂದೂ ಕರೆಯತಕ್ಕದ್ದು. ಊಟದ ಕೋಣೆಯಲ್ಲಿ ಬೆರಳಚ್ಚುಗಾರ್ತಿಯವರು "ನಮ್ಮ ಅಕ್ಕಾನೇ ಕಣ್ರೀ! ಆ ಕೆಂಪು ಚೀಲ ನಂದೇ, ನಾನೇ ಕೊಟ್ಟಿದ್ದು!" ಎಂದು ಕೂಗಿದ್ದನ್ನು ಕೂಗಿಲ್ಲವೆಂದು ಭಾವಿಸಲಾಗಿದೆ. ಚೀಲ ಹಿಂದಿರುಗಿದ್ದಲ್ಲಿ ಅದನ್ನು ಸೋಮವಾರ ಕಚೇರಿಗೆ ತರಬಾರದು.

2. ಕಣ್ಣೀರು: ಕಚೇರಿ ವೇಳೆಯಲ್ಲಿ ಹಿಂದಿನ ಕಂತನ್ನು ನೆನೆದು ಅಳುವವರು ದಾಖಲೆ ಕೊಠಡಿಯ ಹದಿನಾಲ್ಕು ಮತ್ತು ಹದಿನೈದನೆಯ ಕಪಾಟುಗಳ ನಡುವೆ ಮಾತ್ರ, ಒಮ್ಮೆಗೆ ಇಬ್ಬರಂತೆ, ಅಳತಕ್ಕದ್ದು. ಯಾರಾದರೂ ಕೇಳಿದಲ್ಲಿ "ಧೂಳು" ಎನ್ನುವುದು. ಧೂಳು ಸಾಲದೆ ಬಂದಲ್ಲಿ ಮೂರನೆಯ ಕಪಾಟನ್ನು ತೆರೆಯಬಹುದು. ಅದನ್ನು ಈವರೆಗೆ ಯಾರೂ ತೆರೆದಿಲ್ಲ.

3. ಹರ್ಷೋದ್ಗಾರ: ಮನೆಯಲ್ಲಿ ಕೂಗಲು ಅಡ್ಡಿಯಿಲ್ಲ. ಆದರೆ ಜವಾನರ ಪಕ್ಕದ ಮನೆಯಲ್ಲಿ ತಪಾಸಣಾಧಿಕಾರಿಗಳ ಭಾಮೈದ ವಾಸವಿರುವುದರಿಂದ ಜವಾನರು ದಿಂಬಿನೊಳಗೆ ಕೂಗತಕ್ಕದ್ದು. ದಿಂಬನ್ನು ಕಚೇರಿಯಿಂದ ಒದಗಿಸಲಾಗುವುದು.

4. ಶಾಪ: ಎದುರಾಳಿಗಳಾದ ಕಪ್ಪು ಕನ್ನಡಕದ ದಂಪತಿಗಳು ಐದನೆಯ ಕಂತಿನಲ್ಲಿ ದಾರಿಯ ಫಲಕವನ್ನು ತಿರುಗಿಸಿಟ್ಟು ಅತ್ತೆಯವರನ್ನು ಕೋಳಿ ಫಾರಂ ಒಂದಕ್ಕೆ ಕಳುಹಿಸಿದ್ದು ಖಂಡನೀಯ. ಆದಾಗ್ಯೂ ಒಬ್ಬರಿಗೆ ಒಂದು ಕಂತಿಗೆ ಮೂರು ಶಾಪಗಳಷ್ಟೇ. ಬಳಸದೆ ಉಳಿದ ಶಾಪಗಳನ್ನು ಮುಂದಿನ ಕಂತಿಗೆ ಒಯ್ಯುವಂತಿಲ್ಲ, ಸಹೋದ್ಯೋಗಿಗಳಿಗೆ ಕೊಡುವಂತಿಲ್ಲ. "ಅವರ ಗಾಡಿ ಕೆಟ್ಟು ಹಾಳಾಗ್ಲಿ" ಎಂಬುದನ್ನು ಒಂದೇ ಶಾಪವೆಂದು ಎಣಿಸಲಾಗುವುದು.

5. ನಾಲ್ಕನೆಯ ಕಂತು: ಈ ಕಂತಿನಲ್ಲಿ ಪ್ರತಿ ಜೋಡಿಗೂ ವಿಳಾಸ ಅರ್ಧ ಅಳಿಸಿಹೋದ ಒಂದು ಲಕೋಟೆ ಕೊಟ್ಟು, ಗೊತ್ತಿಲ್ಲದ ಊರಿನಲ್ಲಿ ಆ ಮನೆಗೆ ತಲುಪಿಸಲು ಹೇಳಲಾಗಿತ್ತು. ಉಳಿದವರಿಗೆ ಮೂರು ಗಂಟೆ ಹಿಡಿಯಿತು. "ಯಾರೋ ಒಬ್ಬರಿಗೆ" ಹನ್ನೊಂದು ನಿಮಿಷ ಹಿಡಿಯಿತು. ಆಗ ಅವರು ಕ್ಯಾಮೆರಾದ ಕಡೆ ತಿರುಗಿ, "ಹತ್ತೊಂಬತ್ತು ವರ್ಷ ಈ ಊರಿಗೆ ಕಾಗದ ಕಳಿಸಿದೀನಿ ಕಣ್ರೀ. ಊರು ಮಾತ್ರ ಇವತ್ತೇ ನೋಡಿದ್ದು" ಎಂದರು. ಈ ವಾಕ್ಯವನ್ನು ಕಚೇರಿಯಲ್ಲಿ ಪುನರುಚ್ಚರಿಸುವುದನ್ನು ನಿಷೇಧಿಸಲಾಗಿದೆ. ಈವರೆಗೆ ಮೂವತ್ತೊಂದು ಬಾರಿ ಪುನರುಚ್ಚರಿಸಲಾಗಿದ್ದು, ಅದರಲ್ಲಿ ಒಂಬತ್ತು ಬಾರಿ ಕೆಳಗೆ ಸಹಿ ಮಾಡಿದವರಿಂದಲೇ ಆಗಿದೆ.

6. ಫಲಿತಾಂಶ ಕೆದಕುವುದು: ಗೆದ್ದದ್ದು ಯಾರೆಂದು ಲಕೋಟೆ ಅಕ್ಕನವರಿಗೆ ಗೊತ್ತಿದೆ. ಹೇಳುವುದಿಲ್ಲವೆಂದು ವಾಹಿನಿಯವರಿಗೆ ಬರೆದುಕೊಟ್ಟಿದ್ದಾರೆ (ಬರೆದುಕೊಟ್ಟಿಲ್ಲ, ಏಕೆಂದರೆ ಅವರು ಹೋಗಿಯೇ ಇಲ್ಲ). ಯಾರು ಹೇಗೆ ಕೇಳಿದರೂ ಅವರು ಮೊಹರಿನಿಂದ ತಲೆಯೆತ್ತದೆ, "ಏನ್ ಹೇಳ್ಲಿ, ನಮ್ಮತ್ತೆ ಮಂಚ ಬಿಟ್ಟು ಏಳೋದೇ ಇಲ್ಲ" ಎನ್ನುತ್ತಾರೆ. ಆದ್ದರಿಂದ ಕೇಳುವುದು ವ್ಯರ್ಥ. ಅವರ ಚಪ್ಪಲಿ ಹೊಸದೋ ಹಳೆಯದೋ ಎಂದು ನೋಡಿ ಊಹಿಸಲು ದಾಖಲೆ ಪಾಲಕರು ಮೇಜಿನ ಕೆಳಗೆ ಇಪ್ಪತ್ತು ನಿಮಿಷ ಪೆನ್ನು ಹುಡುಕಿದ್ದು ಅವರ ವಯಸ್ಸಿಗೆ ತಕ್ಕುದಲ್ಲ. ಚಪ್ಪಲಿ ಹಳೆಯದೇ ಇತ್ತೆಂದು ತಿಳಿದುಬಂದಿದೆ. ಇದರಿಂದ ಕಚೇರಿಯ ಮನೋಬಲ ಕುಗ್ಗಿದೆ.

7. ಸೋಮವಾರದ ಮುಖ:
(ಅ) ಸೋತಿದ್ದಲ್ಲಿ ಎಂದಿನ ಸೋಮವಾರದ ಮುಖವೇ ಸಾಕು.
(ಆ) ಗೆದ್ದಿದ್ದಲ್ಲಿಯೂ ಅದೇ ಮುಖ. ಸಾಧ್ಯವಾಗದವರು ಹಲ್ಲು ನೋವೆಂದು ಕೆನ್ನೆ ಹಿಡಿದುಕೊಳ್ಳತಕ್ಕದ್ದು. ಹದಿನಾಲ್ಕು ಮಂದಿಗೂ ಒಮ್ಮೆಲೇ ಹಲ್ಲು ನೋವು ಬಂದರೆ ಅನುಮಾನಕ್ಕೆ ಎಡೆಯಾಗುವುದರಿಂದ ಎಡಗೆನ್ನೆಗೆ ನಾಲ್ವರು, ಬಲಗೆನ್ನೆಗೆ ಮೂವರು ಎಂದು ನಿಗದಿಪಡಿಸಲಾಗಿದೆ. ಉಳಿದವರಿಗೆ ಧೂಳು.
(ಇ) ಶನಿವಾರ ನಾಲ್ಕಕ್ಕೆ ಊಟದ ಕೋಣೆಯಲ್ಲಿ ಮರು ಅಭ್ಯಾಸ ನಡೆಯಲಿದೆ. ಮೊದಲ ಅಭ್ಯಾಸದಲ್ಲಿ ತಪಾಸಣಾಧಿಕಾರಿಗಳ ಪಾತ್ರ ವಹಿಸಿದ್ದ ಕಾವಲುಗಾರರು "ಅತ್ತೆಯವರು ಈಗ ಹೇಗಿದ್ದಾರೆ?" ಎಂದು ಕೇಳಿದಾಗ ಸಿಬ್ಬಂದಿ ಒಕ್ಕೊರಲಿನಿಂದ "ಬಂಡೆ ಮೇಲಿದಾರೆ ಸಾರ್!" ಎಂದದ್ದು ವಿಷಾದನೀಯ.

8. ಹೆಚ್ಚುವರಿ ಮಾಹಿತಿ: ಉಲ್ಲೇಖ (ಅ)ದ ಮೊದಲ ಮೂರು ಅರ್ಜಿಗಳಲ್ಲಿ ಮೊಣಕಾಲಿನ ಮಾತೇ ಇರಲಿಲ್ಲ. ಅವುಗಳಲ್ಲಿ, "ನಮ್ಮತ್ತೆ ಮದುವೆಯಾಗಿ ಬಂದ ಮೇಲೆ ಊರು ಬಿಟ್ಟು ಎಲ್ಲಿಗೂ ಹೋದವರಲ್ಲ. ನಾನೂ ಹೋಗಿಲ್ಲ. ಒಂದು ಸ್ಪರ್ಧೆಗೆ ಕರೆದಿದ್ದಾರೆ, ಇಬ್ಬರೂ ಹೋಗಿ ನಾಲ್ಕು ಊರು ನೋಡಿ ಬರುತ್ತೇವೆ" ಎಂದಷ್ಟೇ ಬರೆದಿತ್ತು. ಮೂರರ ಮೇಲೂ "ಇದು ರಜೆಗೆ ಕಾರಣವಲ್ಲ" ಎಂದು ಷರಾ ಬರೆದವರು ಕೆಳಗೆ ಸಹಿ ಮಾಡಿರುವವರು. ನಿಜ ಹೇಳಿದಾಗ ಮೂರು ಸಲ ಇಲ್ಲವೆಂದು, ಸುಳ್ಳು ಹೇಳಿದಾಗ ಒಂದೇ ಸಲಕ್ಕೆ ಹೂಂ ಎನ್ನಲಾಯಿತು. ಈ ಬಗ್ಗೆ ಸದರಿಯವರಿಗೆ ನಾಚಿಕೆಯಾಗಿದೆ. ನಾಚಿಕೆಯನ್ನು ನಮೂದಿಸಲು ಯಾವ ನಮೂನೆಯಲ್ಲೂ ಜಾಗವಿಲ್ಲದ ಕಾರಣ ಇಲ್ಲಿ ನಮೂದಿಸಲಾಗಿದೆ.

9. ಈ ಸುತ್ತೋಲೆಯನ್ನು ಓದಿದ ಕೂಡಲೇ ಮರೆಯತಕ್ಕದ್ದು. ಮರೆತವರು, ಮರೆತಿರುವುದಾಗಿ ಹಾಜರಿ ಪುಸ್ತಕದ ಪಕ್ಕದಲ್ಲಿಟ್ಟಿರುವ ವಹಿಯಲ್ಲಿ ಸಹಿ ಮಾಡುವುದು.

ಸಹಿ/-
ಅಧೀಕ್ಷಕರು
(ಭಾನುವಾರ ಸಂಜೆ ಏಳರಿಂದ ಎಂಟರವರೆಗೆ ಯಾವ ಕರೆಯನ್ನೂ ಸ್ವೀಕರಿಸಲಾಗುವುದಿಲ್ಲ)

ಪ್ರತಿಗಳು:
1. ಸೂಚನಾ ಫಲಕಕ್ಕೆ. ಬರಹ ಗೋಡೆಯ ಕಡೆಗಿರುವಂತೆ ಅಂಟಿಸುವುದು.
2. ಕಾವಲುಗಾರರಿಗೆ, ಪಾತ್ರದ ಅಭ್ಯಾಸಕ್ಕಾಗಿ. ಅವರು ಶನಿವಾರ ಮೀಸೆ ಅಂಟಿಸಿಕೊಂಡು ಬರುವ ಅಗತ್ಯವಿಲ್ಲ.
3. ಜವಾನರಿಗೆ, ದಿಂಬಿನೊಂದಿಗೆ.
4. ಅಧೀಕ್ಷಕರ ಪತ್ನಿಯವರಿಗೆ. ಭಾನುವಾರ ಒಂದು ದಿನದ ಮಟ್ಟಿಗೆ ರಿಮೋಟ್ ಬಿಟ್ಟುಕೊಡಬೇಕಾಗಿ ವಿನಂತಿ.
5. ಮೇಲಿನ ಕಚೇರಿಗೆ. ಎಲ್ಲ ಸುತ್ತೋಲೆಗಳ ಒಂದು ಪ್ರತಿ ಅಲ್ಲಿಗೆ ಹೋಗುವುದು ವಾಡಿಕೆ. ಇದೊಂದು ಹೋಗಕೂಡದು.
6. ರವಾನೆ ಗುಮಾಸ್ತೆಯವರಿಗೆ, ಮೇಲ್ಕಂಡ ಪ್ರತಿಗಳನ್ನು ರವಾನಿಸಲು. ಓದಕೂಡದು.

ರವಾನೆ ವಿಭಾಗದ ಷರಾ:

ಪ್ರತಿ 1ರಿಂದ 4ರವರೆಗೆ ರವಾನಿಸಲಾಗಿದೆ. ಪ್ರತಿ 6 ಓದಲಾಗಿದೆ. ಓದದೆ ಒಂದು ಕಾಗದವನ್ನೂ ಈ ಮೇಜು ದಾಟಿಸಿದವಳಲ್ಲ ನಾನು. ಪ್ರತಿ 5 ತಡೆಹಿಡಿದಿದ್ದೇನೆ. ಅದರ ಲಕೋಟೆಯಲ್ಲಿ ನನ್ನದೇ ಒಂದು ಪತ್ರ ಇಟ್ಟು ಈ ಹೊತ್ತಿನ ಟಪಾಲಿಗೆ ಹಾಕಿಯಾಗಿದೆ: ಓಡಿದ್ದು ನಾನೇ, ಬಂಡೆ ಹತ್ತಿದ್ದು ನಮ್ಮತ್ತೆಯೇ, ನಾಲ್ಕನೆಯ ಅರ್ಜಿ ಸುಳ್ಳು, ಮೊದಲ ಮೂರು ನಿಜ. ನಾಲ್ಕೂ ಅರ್ಜಿಗಳ ನಕಲು ಲಗತ್ತಿಸಿದ್ದೇನೆ. ಏನಾಗುತ್ತೋ ಆಗಲಿ. ಭಯ ಇದೆ ಸಾರ್, ಇಲ್ಲ ಅನ್ನೋಲ್ಲ. ಆದರೆ ನನಗೋಸ್ಕರ ಏಳು ಜನ ಕೆನ್ನೆ ಹಿಡ್ಕೊಂಡು, ಏಳು ಜನ ಧೂಳು ಅಂತ ಕೂರೋದು ಬೇಡ. ಅತ್ತೆಗೆ ಫೋನಲ್ಲಿ ಈ ಸುತ್ತೋಲೆ ಓದಿ ಹೇಳಿದೆ. "ಈ ವಯಸ್ಸಲ್ಲಿ ಬಂಡೆ ಹತ್ತಿದೀನಿ, ಯಾರೋ ಅಜ್ಜಿ ಅಂತಾರಂತಾ? ನಿಮ್ಮತ್ತೆ ಅಂತಾನೇ ಕೂಗೋಕೆ ಹೇಳೇ" ಅಂದರು. ಭಾನುವಾರ ಎಲ್ಲರೂ ಜೋರಾಗಿ ಕೂಗಿ.

ಮೇಲಿನ ಷರಾದ ಮೇಲೆ ಅಧೀಕ್ಷಕರ ಷರಾ:

ಓದಲಾಗಿದೆ. ಸುತ್ತೋಲೆಯನ್ನು ಪೂರ್ತಿಯಾಗಿ ಹಿಂಪಡೆಯಲಾಗಿದೆ. ಮೂರು ಅರ್ಜಿಗಳನ್ನು ತಿರಸ್ಕರಿಸಿದ ತಪ್ಪು ನನ್ನದೆಂದು ಮೇಲಿನ ಕಚೇರಿಗೆ ಬರೆದ ಪತ್ರ ಇದರೊಂದಿಗಿದೆ, ನಾಳೆಯ ಟಪಾಲಿಗೆ ಸೇರಿಸುವುದು. ಸೋಮವಾರ ತಪಾಸಣಾಧಿಕಾರಿಗಳು ಮೊದಲು ನನ್ನ ಮುಖವನ್ನೇ ನೋಡಲಿ. ಜವಾನರು ದಿಂಬನ್ನು ಹಿಂದಿರುಗಿಸುವುದು.

ಭಾನುವಾರ ಕೂಗಲಾಗುವುದು.