ಒಂದೇ ಹೆಸರಿನ ನೆರೆಹೊರೆ

ಕಂಪ್ಯೂಟರ್ ರಿಪೇರಿಗೆಂದು ಹೋದವನಿಗೆ ಮನೆಯವರ, ನೆಂಟರ ರಗಳೆಯೂ ಗಂಟು ಬೀಳುವುದು ತಪ್ಪಿದ್ದಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಶಿಕಾರಿಪುರ, ಸೊರಬದ ಅಂಗಡಿಗಳಿಗೆ ಕಂಪ್ಯೂಟರ್‌ಗಳು ಬರತೊಡಗಿದಾಗ ಅವನ್ನು ತಂತಿಯಿಂದ ಜೋಡಿಸುವ ಕೆಲಸ ನನ್ನದಾಗಿತ್ತು. ಸುಲಭಕ್ಕೆ ನಗುವ ಸ್ವಭಾವ ನನ್ನದಲ್ಲ. ಆದರೂ ಕೆಲವು ಸಲ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಳ್ಳಬೇಕಾಯಿತು.

ಯಾವ ಊರು?

ಸೊರಬದ ಪ್ರೆಸ್ ಮಾಲೀಕರೊಬ್ಬರು ಎರಡು ಕಂಪ್ಯೂಟರ್ ಕೊಂಡಿದ್ದರು. ಒಂದೇ ಗುಂಪಿನ ಹೆಸರಿರುವ ಕಂಪ್ಯೂಟರ್‌ಗಳು ತಂತಿಯ ಮೂಲಕ ತಾವಾಗಿಯೇ ಒಂದನ್ನೊಂದು ಹುಡುಕಿಕೊಂಡು, ಪರದೆಯ ಮೇಲೆ ‘ನೆರೆಹೊರೆ’ ಎಂಬ ಪಟ್ಟಿಯಲ್ಲಿ ಕಾಣಿಸುತ್ತವೆ. ನಾವು ಹೆಸರಿಡದಿದ್ದರೆ ಕಂಪನಿಯವರು ಇಟ್ಟು ಕಳಿಸಿದ ಹೆಸರೇ ಎಲ್ಲದಕ್ಕೂ ಇರುತ್ತದೆ. ನಾನು ಅದನ್ನೇ ಬಿಟ್ಟು ಬಂದಿದ್ದೆ. ಸ್ವಲ್ಪ ದಿನಕ್ಕೆ ಫೋನು ಬಂತು, ಒಂದಕ್ಕೊಂದು ಕಾಣುತ್ತಿಲ್ಲವೆಂದು.

ಹೋಗಿ ನೋಡಿದರೆ ಒಂದರ ಗುಂಪಿನ ಹೆಸರು ‘ಸೊರಬ’, ಇನ್ನೊಂದರದು ‘ಹೊಸಬಾಳೆ’.

“ಯಾರದೋ ಹೆಸರು ನಮಗ್ಯಾಕೆ ಅಂತ ನಾನೇ ತೆಗೆದೆ. ಒಂದಕ್ಕೆ ಪ್ರೆಸ್ ಇರೋ ಊರು, ಇನ್ನೊಂದಕ್ಕೆ ನಾನು ಹುಟ್ಟಿದ ಊರು,” ಎಂದರು ಮಾಲೀಕರು.

“ಹೆಸರು ಬೇರೆಯಾದರೆ ಒಂದನ್ನೊಂದು ಮಾತಾಡಿಸಲ್ಲ ಸಾರ್.”

“ಪಕ್ಕಪಕ್ಕದಲ್ಲೇ ಕೂತಿದಾವಲ್ಲ ಮಾರಾಯ್ರೆ!”

“ಕೂತಿದ್ದರೂ ಅಷ್ಟೆ.”

ಅವರು ಎರಡನ್ನೂ ಗಂಭೀರವಾಗಿ ನೋಡಿದರು. “ಹಂಗಾದ್ರೆ ಇವು ಮದುವೆ ಮನೆ ಪಂಕ್ತೀಲಿ ಕೂತ ನಮ್ಮ ನೆಂಟರೇ ಬಿಡಿ.”

ಬೀಗರ ಸಂಬಂಧ

ಪ್ರೆಸ್ ಮಾಲೀಕರ ಮಗಳನ್ನು ಕೊಟ್ಟಿದ್ದು ಶಿಕಾರಿಪುರಕ್ಕೆ. ಅಲ್ಲಿ ಅಳಿಯ ಮತ್ತು ಅವನ ಅಣ್ಣ ಸೇರಿ ಬೀಜ, ಗೊಬ್ಬರದ ಅಂಗಡಿ ನಡೆಸುತ್ತಿದ್ದರು. ಅವರಿಗೂ ನಾನೇ ಎರಡು ಕಂಪ್ಯೂಟರ್ ಜೋಡಿಸಿದೆ. ಗುಂಪಿಗೆ ಯಾವ ಹೆಸರಿಡಲಿ ಎಂದು ಕೇಳಿದಾಗ ಅಣ್ಣ, “ಬಂದ ಹೆಸರೇ ಇರ್ಲಿ ಬಿಡ್ರಿ. ನನ್ನ ಹೆಸರಿಟ್ರೆ ತಮ್ಮಗೆ ಬೇಜಾರು, ಅವಂದಿಟ್ರೆ ನನಗೆ,” ಎಂದರು.

ಈ ಸುದ್ದಿ ಸೊರಬಕ್ಕೆ ಮುಟ್ಟಿತು. ಮತ್ತೆ ಮಾವನವರ ಫೋನು.

“ಅಳಿಯನ ಅಂಗಡೀಲಿರೋ ಹೆಸರೇ ಇಲ್ಲೂ ಇಟ್ಟಿದೀನಿ. ಅವರ ಕಂಪ್ಯೂಟರ್ ಕಾಣ್ತಾನೇ ಇಲ್ಲವಲ್ಲ?”

“ಸಾರ್, ನಡುವೆ ತಂತಿ ಬೇಕಲ್ಲ.”

“ಹೆಣ್ಣು ಕೊಟ್ಟಿದೀವಲ್ರೀ, ಇನ್ನೆಂಥ ತಂತಿ?”

ಗೋಡೆ

ಮುಂದಿನ ವರ್ಷ ಶಿಕಾರಿಪುರದ ಆ ಅಣ್ಣ ತಮ್ಮಂದಿರು ಪಾಲಾದರು. ಅಂಗಡಿಯ ನಡುವೆ ಗೋಡೆ ಎದ್ದಿತು. ಗಾರೆಯವನು ನೆಲದ ಮೇಲಿದ್ದ ಕಂಪ್ಯೂಟರ್ ತಂತಿಯನ್ನು ಹಾಗೇ ಬಿಟ್ಟು ಅದರ ಮೇಲೆ ಇಟ್ಟಿಗೆ ಕಟ್ಟಿದ್ದ. ಬಾಗಿಲು ಎರಡಾದವು, ಮಾತು ನಿಂತಿತು. ಇಬ್ಬರನ್ನೂ ಬಲ್ಲ ನನಗೆ ಆ ಬೀದಿಯಲ್ಲಿ ಹಾಯುವಾಗ ಸಂಕಟವಾಗುತ್ತಿತ್ತು. ಒಬ್ಬರ ಅಂಗಡಿಯಲ್ಲಿ ಚಹಾ ಕುಡಿದರೆ ಇನ್ನೊಬ್ಬರ ಮುಖ ನೋಡುವುದು ಕಷ್ಟ.

ಒಂದು ದಿನ ಅಣ್ಣ ಕರೆಸಿದರು. ಅವರ ಪರದೆಯ ನೆರೆಹೊರೆಯಲ್ಲಿ ತಮ್ಮನ ಕಂಪ್ಯೂಟರ್ ಇನ್ನೂ ಕಾಣುತ್ತಿತ್ತು.

“ಪಂಚರು ಕೂತು ಪಾಲು ಮಾಡ್ಯಾರ. ಗೋಡೆ ಎದ್ದೈತಿ. ಇದಕ್ಕೆ ಯಾರೂ ಹೇಳಿಲ್ಲೇನ್ರಿ?”

“ಗುಂಪಿನ ಹೆಸರು ಇನ್ನೂ ಒಂದೇ ಇದೆ. ಅದಕ್ಕೇ ಒಂದನ್ನೊಂದು ಹುಡುಕ್ತಾವೆ,” ಎಂದೆ.

ಅವರು ಗೋಡೆಯ ಕಡೆ ಒಮ್ಮೆ ನೋಡಿದರು. ಆಮೇಲೆ, “ಬೇರೆ ಹೆಸರು ಹಾಕ್ರಿ,” ಎಂದರು. ನನಗೆ ಮನಸ್ಸಿರಲಿಲ್ಲ, ಆದರೆ ಅಂಗಡಿ ಅವರದು. ಹೆಸರು ಬದಲಾಯಿಸಿ, ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದೆ. ಪಟ್ಟಿಯಲ್ಲಿ ಈಗ ಅವರದೊಂದೇ ಉಳಿದಿತ್ತು.

“ಇನ್ನು ನಾನೂ ಅವನಿಗೆ ಕಾಣಂಗಿಲ್ಲೇನ್ರಿ?”

“ಕಾಣಲ್ಲ.”

“ಒಳ್ಳೇದಾತು,” ಎಂದರು. ಆದರೆ ಅವರ ಮುಖ ಸಣ್ಣದಾಗಿತ್ತು.

ಅಷ್ಟರಲ್ಲಿ ಬಾಗಿಲಿಗೆ ತಮ್ಮ ಬಂದು ನಿಂತ. ಗೋಡೆ ಎದ್ದ ಮೇಲೆ ಅವನು ಆ ಹೊಸ್ತಿಲಿಗೆ ಬಂದದ್ದು ಅದೇ ಮೊದಲು. ಕಾಲಿಗೆ ಚಪ್ಪಲಿಯೂ ಇರಲಿಲ್ಲ. ದಿನವೂ ಆ ಪಟ್ಟಿ ತೆರೆದಿಟ್ಟುಕೊಂಡು ಏನು ನೋಡುತ್ತಿದ್ದನೋ, ನಾನು ಕೇಳಲಿಲ್ಲ. ಅವನು ಅಣ್ಣನ ಕಡೆ ತಿರುಗದೆ ನನ್ನನ್ನು ಕೇಳಿದ:

“ಏನಾತ್ರಿ? ಇಷ್ಟೊತ್ತು ಇದ್ದ ನಮ್ಮಣ್ಣ ಈಗ ಕಾಣ್ತಾನೇ ಇಲ್ಲ!”

ನಾನು ಬಾಯಿ ತೆರೆಯುವ ಮೊದಲೇ ಗಲ್ಲಾದ ಹಿಂದಿನಿಂದ ಅಣ್ಣ ಗುಡುಗಿದರು:

“ಲೇ, ಎದುರಿಗೇ ಗೊಬ್ಬರದ ಚೀಲದಂಗೆ ಕೂತೀನಲ್ಲೋ, ಕಣ್ಣು ಕಾಣಲ್ಲೇನು ನಿನಗೆ?”