ಭಾವನವರ ಕಾರಿಗೆ ಹೊಸ ಫಿಲ್ಟರು

ಹೆದರಿಕೆ ನನಗೆ ಹುಟ್ಟಿನಿಂದಲೇ ಬಂದ ಗುಣ. ಕೆಲವರು ಹಾವಿಗೆ ಹೆದರುತ್ತಾರೆ, ಕೆಲವರು ಹೆಂಡತಿಗೆ. ನಾನು ಹಾವಿದೆ ಎಂದು ಹೇಳುವವರಿಗೂ ಹೆದರುತ್ತೇನೆ. ಹೆಂಡತಿಗಿಂತ ಹೆಚ್ಚಾಗಿ ಹೆಂಡತಿಯ ಅಣ್ಣನಿಗೆ ಹೆದರುತ್ತೇನೆ. ಎಂಬತ್ತರ ದಶಕದಲ್ಲಿ ಆಳಂದದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ ಗಂಧಕಾಮ್ಲದ ಸೀಸೆಯನ್ನು ಮಾರು ದೂರದಿಂದ ತೋರಿಸಿ, ಮುಚ್ಚಳ ತೆಗೆಯದೆ ಮುಂದಿನ ಪಾಠಕ್ಕೆ ಹೋಗುತ್ತಿದ್ದವನು ನಾನು.

ಈ ಭಾವ ಗುರುಲಿಂಗಪ್ಪನವರದು ಆಳಂದದ ಹತ್ತಿರದ ಮಟಕಿ ಎಂಬ ಊರಿನಲ್ಲಿ ದೊಡ್ಡ ತೊಗರಿ ಒಕ್ಕಲುತನ. ಅದಕ್ಕೆ ತಕ್ಕ ಮೀಸೆ, ಮೀಸೆಗೆ ತಕ್ಕ ದನಿ. ಮದುವೆಗೆಂದು ಹೈದರಾಬಾದಿಗೆ ಹೋದವರು ಬರುವಾಗ ಯಾವುದೋ ನವಾಬರ ಮನೆಯ ಹಳೆಯ ವಿಲಾಯತಿ ಸ್ಪೋರ್ಟ್ಸ್ ಕಾರನ್ನು ಕೊಂಡುತಂದರು. ಎರಡೇ ಸೀಟು, ಮೇಲೆ ಚಾವಣಿ ಇಲ್ಲ. ಒಳಗೆ ಕುಳಿತರೆ ನಮ್ಮ ಕಣ್ಣು ಎತ್ತಿನ ಮೊಣಕಾಲಿಗೆ ಸಮ. ಅವರ ಹೆಂಡತಿ ಅದನ್ನೊಂದು ಸುತ್ತು ಹಾಕಿ, "ಜ್ವಾಳದ ಚೀಲ ಎಲ್ಲಿ ಇಡೂದು?" ಎಂದಷ್ಟೇ ಕೇಳಿದರಂತೆ.

ಕೆಲವು ತಿಂಗಳಾದ ಮೇಲೆ ಭಾವನವರು ಸೊಲ್ಲಾಪುರದಿಂದ ಫಳಫಳ ಹೊಳೆಯುವ ಹೊಸ ಏರ್ ಫಿಲ್ಟರು ತಂದರು. ಎಂಜಿನ್ನು ಇದರಿಂದ ಮೈಬಿಚ್ಚಿ ಉಸಿರಾಡುತ್ತದೆ, ನಾಲ್ಕು ಕುದುರೆಯ ಬಲ ಹೆಚ್ಚಾಗುತ್ತದೆ ಎಂದು ಅಂಗಡಿಯವನು ಹೇಳಿದ್ದನಂತೆ. ಭಾವನವರು ನೇರ ನಮ್ಮ ಮನೆಗೆ ಬಂದು, "ಮಾಸ್ತರ, ಹವಾ ಜಾಸ್ತಿ ಹೋದ್ರ ತಾಕತ್ತು ಜಾಸ್ತಿ ಆಗ್ತದೋ ಇಲ್ಲೋ?" ಎಂದರು. ಬೆಂಕಿ ಉರಿಯಲು ಗಾಳಿ ಬೇಕು ಎಂಬಷ್ಟೇ ನನ್ನ ವಿದ್ಯೆ. ಆದರೆ ಆ ಮೀಸೆಯ ಮುಂದೆ "ನೋಡಬೇಕಾಗುತ್ತದೆ" ಎನ್ನುವ ಧೈರ್ಯ ಎಲ್ಲಿಂದ ತರಲಿ? "ಆಗ್ತದ್ರಿ" ಎಂದುಬಿಟ್ಟೆ.

ಕಾರು ರಿಪೇರಿ ಮಾಡುತ್ತಿದ್ದ ಮಕ್ಬೂಲ್ ಮಿಸ್ತ್ರಿ ಮಾತ್ರ ಒಪ್ಪಲಿಲ್ಲ. "ಗೌಡ್ರೇ, ಇದರ ಜಾಳಗಿ ತೂತು ಭಾಳ ದೊಡ್ಡದದ. ಹವಾ ಹೋಗೂ ದಾರ್ಯಾಗ ಧೂಳ ಹೋಗಂಗಿಲ್ಲೇನ್ರಿ? ನಮ್ಮ ಕರಿ ಮಣ್ಣ ಎಂಜಿನ್ನ್ಯಾಗ ಹೊಕ್ಕರ ಅರದು ಹಾಕ್ತದ" ಎಂದ. ಭಾವನವರು, "ಮಾಸ್ತರು ಆಗ್ತದ ಅಂದಾರ" ಎಂದರು. ಮಿಸ್ತ್ರಿ ನನ್ನನ್ನೊಮ್ಮೆ ನೋಡಿ, "ಹಂಗಾದ್ರ ಎರಡೂ ಒಂದೊಂದ ಸಲ ಹಾಕಿ ಓಡಿಸ್ರಿ. ಮಾಸ್ತರು ಬಾಜೂಕ ಕೂತು ಟೈಮ್ ನೋಡ್ಲಿ" ಎಂದ. ನನ್ನ ಮಾತು ನನಗೇ ಸೀಟು ಹಿಡಿದುಕೊಟ್ಟಿತು.

ಭಾನುವಾರ ಬೆಳಿಗ್ಗೆ ಶಾಲೆಯ ಸ್ಟಾಪ್‌ವಾಚನ್ನು ಕೈಯಲ್ಲಿ ಹಿಡಿದು, ಮನೆದೇವರನ್ನು ನೆನೆದು, ಕಾರಿನಲ್ಲಿ ಕುಳಿತೆ. ಮಟಕಿಯ ಹೊರಗಿನ ರಸ್ತೆಯಲ್ಲಿ ಎರಡು ಕಿಲೋಮೀಟರು, ದಾರಿಬದಿಯ ಕಲ್ಲಿನಿಂದ ಕಲ್ಲಿಗೆ. ಮೊದಲು ಹಳೆಯ ಫಿಲ್ಟರು. ನೆಲ ನನ್ನ ಸೊಂಟದ ಪಕ್ಕದಲ್ಲೇ ಹರಿದುಹೋಗುತ್ತಿತ್ತು. ಜಾಲಿ ಗಿಡಗಳು ನಮ್ಮ ಮೇಲೇ ಓಡಿಬಂದು ಕೊನೆಯ ಕ್ಷಣಕ್ಕೆ ಮನಸ್ಸು ಬದಲಿಸುತ್ತಿದ್ದವು. ಒಂದೂವರೆ ನಿಮಿಷವಾಯಿತು.

ಮಿಸ್ತ್ರಿ ಎಂಜಿನ್ನಿಗೆ ಗಾಳಿ ಹೋಗುವ ಕಾರ್ಬುರೇಟರಿನ ಬಾಯಿಯನ್ನು ಚೊಕ್ಕ ಒರೆಸಿ ಹೊಸ ಫಿಲ್ಟರು ಕೂರಿಸಿದ. ಈ ಸಲ ಕಾರು ಹೊರಟದ್ದೇ ಬಾನೆಟ್ಟಿನ ಕೆಳಗೆ ಯಾವುದೋ ಕಾಡುಮೃಗ ಎಚ್ಚರವಾದಂತೆ ಗರ್ಜಿಸಿತು. ಎದುರಿಗೆ ಬರುತ್ತಿದ್ದ ಗಾಡಿಯ ಎತ್ತುಗಳು ಹೊಲಕ್ಕೆ ನುಗ್ಗಿದವು. ಗಾಡಿಯವನು ಏನು ಬೈದನೋ ಕೇಳಿಸಲಿಲ್ಲ. ನಾವು ಗಾಳಿಯಲ್ಲಿ ಹಾರುತ್ತಿದ್ದೇವೆ ಎಂದೇ ನಂಬಿದ್ದೆ. ಕಲ್ಲು ದಾಟಿದಾಗ ಗಡಿಯಾರ ಒತ್ತಿ ನೋಡಿದೆ. ಅದೇ ಒಂದೂವರೆ ನಿಮಿಷ.

ತಿರುಗಿ ಬಂದು ನಿಂತಾಗ ಭಾವನವರ ಮುಖ ಅರಳಿತ್ತು. "ವಿಮಾನ ಹೋದಂಗ ಹೋತಲ್ಲ ಮಾಸ್ತರ? ಎಷ್ಟ್ ಕಡಿಮಿ ಆತು?"

ಮಿಸ್ತ್ರಿ ಅಷ್ಟರಲ್ಲಿ ಫಿಲ್ಟರು ಬಿಚ್ಚಿ, ನನ್ನ ಬಿಳಿ ಕರವಸ್ತ್ರವನ್ನೇ ಇಸಿದುಕೊಂಡು ಕಾರ್ಬುರೇಟರಿನ ಬಾಯಿ ಮತ್ತೆ ಒರೆಸುತ್ತಿದ್ದ. ನಾನು ಗಡಿಯಾರವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ. ಹತ್ತು ಸೆಕೆಂಡು ಕಡಿಮೆ ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಆಗ ಭಾವನವರು ಮುಂದುವರಿಸಿದರು: "ಫರಕ್ ಬಿದ್ದಿದ್ರ ಮುಂದಿನ ರವಿವಾರ ಜೇವರ್ಗಿಗೆ ಹೋಗೂಣು, ಬೀಗರಿಗೆ ತೋರಿಸಿ ಬರೂಣು. ನೀವು ಬಾಜೂಕ ಇರ್ರಿ."

ಗುಲ್ಬರ್ಗಾ ದಾಟಿ ಜೇವರ್ಗಿಯ ರಸ್ತೆ. ಸಾಲುಗಟ್ಟಿದ ಲಾರಿಗಳು, ಭೀಮಾ ನದಿಯ ಸೇತುವೆ. ಈ ಕಾರು ಲಾರಿಯ ಕೆಳಗೆ ಹೋದರೂ ಮೇಲಿದ್ದವರಿಗೆ ತಿಳಿಯುವುದಿಲ್ಲ. ಜೀವಮಾನದಲ್ಲಿ ಮೊದಲ ಸಲ ನನಗೆ ಭಾವನವರಿಗಿಂತ ದೊಡ್ಡ ಹೆದರಿಕೆಯೊಂದು ಸಿಕ್ಕಿತು.

"ಏನೂ ಫರಕ್ ಇಲ್ರಿ" ಎಂದೆ. "ಸದ್ದಷ್ಟ ಜಾಸ್ತಿ. ಅವತ್ತು ನಾ ತಿಳೀದ ಹೇಳಿದ್ದೆ."

ಗಡಿಯಾರ ತೋರಿಸಿದೆ. ಮಿಸ್ತ್ರಿ ಕರವಸ್ತ್ರ ಬಿಡಿಸಿದ. ನಡುವೆ ಎರೆಮಣ್ಣಿನ ಕರಿಯ ಗುಂಡನೆಯ ಕಲೆ. ಭಾವನವರು ಅದನ್ನು ಬೆರಳಿನಿಂದ ಉಜ್ಜಿ ನೋಡಿದರು.

"ಹಳೇದ ಹಾಕು ಮಕ್ಬೂಲ" ಎಂದರು. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟರು. "ಮಾಸ್ತರ, ನಮ್ಮ ಮಂದ್ಯಾಗ ನನ್ನ ಮಾರಿ ನೋಡಿ ಇಲ್ಲ ಅಂದಾವ ನೀವೊಬ್ಬರ. ಭಾಳ ಧೈರ್ಯದ ಮನಷ್ಯಾ ಇದ್ದೀರಿ." ಮಿಸ್ತ್ರಿಗೆ ಕೇಳದಂತೆ ದನಿ ತಗ್ಗಿಸಿದರು. "ಖರೆ ಹೇಳ್ತೇನಿ, ಈ ಗಾಡಿ ಹೊಡೀಲಾಕ ನನಗೂ ಎದಿ ನಡುಗ್ತದ. ನಿಮ್ಮಂಥಾವ್ರು ಬಾಜೂಕ ಇದ್ರ ಅಂಜಿಕಿ ಇಲ್ಲ. ಹಳೇ ಫಿಲ್ಟರ್ ಮ್ಯಾಲೇ ಜೇವರ್ಗಿಗೆ ಹೋಗೂಣು. ಬರ್ತೀರಲ್ಲ?"

ಬರುವುದಿಲ್ಲ ಎನ್ನಲು ನನಗೆ ಹೆದರಿಕೆಯಾಯಿತು.